ಮಾಡಿದ್ದು ಅಳಿಯದ ಕಥೆಗಳು

ಹದಿಹರೆಯದವರಿಗೆಂದು ಬರೆದ ಕಾದಂಬರಿಗಳನ್ನು, ಅದರಲ್ಲೂ ಮಾಯಾಲೋಕದ ಕಥೆಗಳನ್ನು, ಈಚೆಗೆ ಒಂದರ ಹಿಂದೊಂದರಂತೆ ಓದಿದೆ. ಕೆಲವು ಇನ್ನೂ ಬಿಡದೆ ಕಾಡುತ್ತಿವೆ, ಕೆಲವು ಕೆಳಗಿಟ್ಟ ಮರುದಿನವೇ ಮರೆತುಹೋದವು. ಕಥೆಯ ಹುಡುಗನೋ ಹುಡುಗಿಯೋ ಮಾಡಿದ ತಪ್ಪನ್ನು ಲೇಖಕರು ಮಂತ್ರ ಹಾಕಿ ಅಳಿಸಿಬಿಡುತ್ತಾರೋ, ಅದರ ಫಲವನ್ನು ಅವರೇ ಉಣ್ಣಲು ಬಿಡುತ್ತಾರೋ? ನನ್ನ ಮಟ್ಟಿಗೆ ಪುಸ್ತಕದ ಬೆಲೆ ನಿಲ್ಲುವುದು ಇದರ ಮೇಲೆ.

ಫ್ರಾನ್ಸಿಸ್ ಹಾರ್ಡಿಂಜ್ ಅವರ ‘ದಿ ಲೈ ಟ್ರೀ’ (2015) ನನಗೆ ತುಂಬ ಹಿಡಿಸಿತು. ಡಾರ್ವಿನ್ ವಿಚಾರಗಳು ಇಂಗ್ಲೆಂಡಿನ ಚರ್ಚುಗಳನ್ನು ನಡುಗಿಸಿದ್ದ ಕಾಲ. ಪಾದ್ರಿಯೂ ಪ್ರಕೃತಿ ವಿಜ್ಞಾನಿಯೂ ಆದ ಅಪ್ಪ ನಕಲಿ ಪಳೆಯುಳಿಕೆ ತೋರಿಸಿದನೆಂಬ ಅಪವಾದ ಹೊತ್ತು ಸಂಸಾರದೊಡನೆ ಒಂದು ದ್ವೀಪ ಸೇರುತ್ತಾನೆ, ಅಲ್ಲೇ ಸಾಯುತ್ತಾನೆ. ಊರಿನವರು ಆತ್ಮಹತ್ಯೆ ಎನ್ನುತ್ತಾರೆ. ಹದಿನಾಲ್ಕರ ಮಗಳು ಫೇತ್‌ಗೆ ಅದು ಕೊಲೆಯೆಂಬ ಅನುಮಾನ. ಅಪ್ಪ ಕಡಲಗುಹೆಯ ಕತ್ತಲಲ್ಲಿ ಬಚ್ಚಿಟ್ಟಿದ್ದ ಗಿಡವೊಂದು ಅವಳಿಗೆ ಸಿಗುತ್ತದೆ. ಅದರ ಕಿವಿಯಲ್ಲಿ ಸುಳ್ಳೊಂದನ್ನು ಪಿಸುಗುಟ್ಟಬೇಕು, ಆ ಸುಳ್ಳನ್ನು ಊರು ನಂಬಬೇಕು. ಆಗ ಬಿಡುವ ಹಣ್ಣನ್ನು ತಿಂದವರಿಗೆ ಗುಟ್ಟೊಂದು ಗೋಚರವಾಗುತ್ತದೆ. ಹುಡುಗಿ ಅಪ್ಪನ ದೆವ್ವ ತಿರುಗುತ್ತಿದೆ ಎಂಬ ಗುಲ್ಲೆಬ್ಬಿಸುತ್ತಾಳೆ, ಗಿಡ ಚಿಗುರುತ್ತದೆ, ಅವಳು ಇನ್ನೂ ದೊಡ್ಡ ಸುಳ್ಳಿಗೆ ಕೈಹಾಕುತ್ತಾಳೆ. ಹೆಣ್ಣುಮಗಳ ಮಾತಿಗೆ ಯಾರೂ ಕಿವಿಗೊಡದ ಮನೆಯಲ್ಲಿ ಅವಳ ಸುಳ್ಳನ್ನು ಮಾತ್ರ ಇಡೀ ಊರು ಕೇಳಿಸಿಕೊಳ್ಳುತ್ತದೆ! ಆ ಸುಳ್ಳುಗಳು ಹರಡಿದ ಮೇಲೆ ಅವಳ ಹತೋಟಿಯಲ್ಲಿ ಉಳಿಯುವುದಿಲ್ಲ. ಹಾರ್ಡಿಂಜ್ ಅವಳನ್ನು ಪ್ರೀತಿಯಿಂದಲೇ ನೋಡುತ್ತಾರೆ, ಆದರೆ ಎಲ್ಲೂ ವಕಾಲತ್ತು ವಹಿಸುವುದಿಲ್ಲ.

ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ (2023) ತುಸು ದೊಡ್ಡವರಿಗೆಂದೇ ಬರೆದದ್ದಾದರೂ ಹದಿಹರೆಯದವರ ಕೈಯಲ್ಲೂ ಕಾಣುತ್ತದೆ. ಡ್ರ್ಯಾಗನ್ ಸವಾರರ ಆ ಶಾಲೆಯಲ್ಲಿ ಸತ್ತವರ ಹೆಸರನ್ನು ದಿನವೂ ಓದುತ್ತಾರೆ. ಅಷ್ಟು ಸಾವು ಕಂಡೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಹೆಸರು ಓದಿ ಮುಗಿಯಿತೋ ಇಲ್ಲವೋ, ಕಥೆ ಪ್ರಣಯದ ಕಡೆಗೆ ಓಡುತ್ತದೆ. ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ (2018) ಬಗ್ಗೆ ಇಷ್ಟು ನಿಷ್ಠುರವಾಗಿ ಹೇಳಲಾರೆ. ಪಶ್ಚಿಮ ಆಫ್ರಿಕಾದ ಯೊರುಬಾ ದೈವಗಳ ಲೋಕ ಅದು. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕಪ್ಪು ಜನರ ನೋವು ಅದರ ಬೆನ್ನಿಗಿದೆ. ಮೊದಲ ಭಾಗದಲ್ಲಿ ಆ ಸಿಟ್ಟು ನಿಗಿನಿಗಿ ಉರಿಯುತ್ತದೆ. ಆದರೆ ತನ್ನನ್ನು ಬೇಟೆಯಾಡಲು ಬಂದ ರಾಜಕುಮಾರನಿಗೇ ನಾಯಕಿ ಅಷ್ಟು ಬೇಗ ಒಲಿಯುವುದನ್ನು ನನ್ನಿಂದ ನಂಬಲಾಗಲಿಲ್ಲ.

ತಪ್ಪಿನ ಫಲ ಉಣಿಸುವ ವಿಷಯದಲ್ಲಿ ಅರ್ಸುಲಾ ಲೆ ಗ್ವಿನ್ 1968ರಲ್ಲೇ ದಾರಿ ತೋರಿದ್ದರು. ‘ಎ ವಿಝರ್ಡ್ ಆಫ್ ಅರ್ತ್‌ಸೀ’ಯ ಗೆಡ್ ಜಂಬದಿಂದ ಸತ್ತವಳೊಬ್ಬಳನ್ನು ಕರೆಯುತ್ತಾನೆ, ಜೊತೆಗೆ ನೆರಳೊಂದು ನುಗ್ಗಿ ಅವನ ಮುಖವನ್ನು ಸೀಳುತ್ತದೆ. ನೆರಳು ನುಗ್ಗಿದ ಬಿರುಕನ್ನು ಮುಚ್ಚಲು ಹೋಗಿ ಹಿರಿಯ ಮಾಂತ್ರಿಕ ಪ್ರಾಣ ಬಿಡುತ್ತಾನೆ. ಕರ್ಣನಿಗೆ ತಟ್ಟಿದ ಶಾಪದ ಕಥೆ ಕೇಳುತ್ತ ಬೆಳೆದ ನಮಗೆ ಇದು ಪರಕೀಯ ಅನ್ನಿಸುವುದಿಲ್ಲ.

ಫಿಲಿಪ್ ಪುಲ್‌ಮನ್ ಇನ್ನೂ ಮುಂದೆ ಹೋಗುತ್ತಾರೆ. ‘ನಾರ್ದರ್ನ್ ಲೈಟ್ಸ್’ (1995) ಕಾದಂಬರಿಯಲ್ಲಿ ಲೈರಾ ಗೆಳೆಯ ರೋಜರ್‌ನನ್ನು ಉಳಿಸಲೆಂದೇ ಹಿಮದ ನಾಡಿಗೆ ಹೋಗುತ್ತಾಳೆ, ಕೊನೆಗೆ ತಿಳಿಯದೆ ತಾನೇ ಅವನನ್ನು ಸಾವಿನ ಬಾಗಿಲಿಗೆ ಕರೆತರುತ್ತಾಳೆ. ಅದೇ ಸರಣಿಯ ಮೂರನೆಯ ಸಂಪುಟದಲ್ಲಿ ಅವನ ಕ್ಷಮೆ ಕೇಳಲು ಸತ್ತವರ ಲೋಕಕ್ಕೇ ಇಳಿಯುತ್ತಾಳೆ. ಕ್ಷಮೆಯೇನೋ ಸಿಗುತ್ತದೆ, ರೋಜರ್ ಮಾತ್ರ ಬದುಕಿ ಬರುವುದಿಲ್ಲ. ‘ದಿ ಆಂಬರ್ ಸ್ಪೈಗ್ಲಾಸ್’ (2000) ಎಂಬ ಆ ಸಂಪುಟ ವಿಟ್‌ಬ್ರೆಡ್ ವರ್ಷದ ಪುಸ್ತಕ ಪ್ರಶಸ್ತಿ ಗೆದ್ದ ಮೊದಲ ಮಕ್ಕಳ ಕೃತಿ. ಮುಂದೆ ಕೋಸ್ಟಾ ಎಂದು ಹೆಸರು ಬದಲಿಸಿಕೊಂಡ ಅದೇ ಪ್ರಶಸ್ತಿ ‘ದಿ ಲೈ ಟ್ರೀ’ಗೂ ಬಂತು. ಹಾಗೆಂದು ಪುಲ್‌ಮನ್ ಅವರದು ಕುಂದಿಲ್ಲದ ಬರಹವಲ್ಲ. ಚರ್ಚಿನ ವಿರುದ್ಧದ ಅವರ ವಾದ ಅಲ್ಲಲ್ಲಿ ಭಾಷಣವಾಗಿ, ಕಥೆ ನಿಂತೇಹೋಗುತ್ತದೆ.

ಇವೆಲ್ಲ ಎಳೆಯರಿಗೆ ಭಾರವಾಗುವ ಪುಸ್ತಕಗಳು ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ. ಗೆಳೆತನಕ್ಕೆ ಎರಡು ಬಗೆದದ್ದು, ಹೇಳಬಾರದ್ದನ್ನು ಹೇಳಿದ್ದು, ಆಮೇಲೆ ರಾತ್ರಿಯೆಲ್ಲ ಒದ್ದಾಡಿದ್ದು ಆ ವಯಸ್ಸಿನವರಿಗೆ ಗೊತ್ತು. ಮೊದಲಿಗೆ ಯಾವುದನ್ನು ಕೊಡಲಿ ಎಂದರೆ ‘ದಿ ಲೈ ಟ್ರೀ’ ಕೊಡಿ, ಒಂದೇ ಸಂಪುಟದಲ್ಲಿ ಮುಗಿಯುತ್ತದೆ. ಪುಲ್‌ಮನ್ ಅವರ ಮೂರನ್ನು ಮಕ್ಕಳ ಜೊತೆ ನೀವೂ ಓದಿ, ಲೈರಾ ಮಾಡಿದ್ದು ಸರಿಯೇ ಎಂದು ಅವರನ್ನು ಕೇಳಿ ನೋಡಿ.