ಒಂದೇ ಅಚ್ಚಿನ ಯೋಧರು

ಕಟ್ಟುಕಥೆಯ ಸೈನಿಕರ ಪಾಡಿಗೆ ನಾವೇಕೆ ಮರುಗಬೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಮುಂದೊಂದು ದಿನ ನಮ್ಮೆದುರು ನಿಲ್ಲಬಹುದಾದ ಸಮಸ್ಯೆಯನ್ನು ವಿಜ್ಞಾನಕಥೆಯು ಒಮ್ಮೊಮ್ಮೆ ಇಂದೇ ತಂದು ನಿಲ್ಲಿಸುವುದುಂಟು. ಜಾರ್ಜ್ ಲ್ಯೂಕಾಸ್ ಅವರು ಸೃಷ್ಟಿಸಿದ ‘ಸ್ಟಾರ್ ವಾರ್ಸ್’ ಕಥಾಮಾಲೆಯಲ್ಲಿ ಬರುವ ತದ್ರೂಪಿ ಸೈನಿಕರ ವೃತ್ತಾಂತ ಅಂಥದು.

2002ರಲ್ಲಿ ತೆರೆಕಂಡ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ ಚಿತ್ರವನ್ನು ನೋಡಿದವರಿಗೆ ಕಥೆ ತಿಳಿದೇ ಇದೆ. ಕಮಿನೋ ಎಂಬುದು ಮಳೆ ಸುರಿಯುವ ಒಂದು ಗ್ರಹ. ಅಲ್ಲಿನ ಪ್ರಯೋಗಶಾಲೆಗಳಲ್ಲಿ, ಜ್ಯಾಂಗೋ ಫೆಟ್ ಎಂಬ ಒಬ್ಬನೇ ಮನುಷ್ಯನಿಂದ ಗಣರಾಜ್ಯಕ್ಕಾಗಿ ಒಂದು ಮಹಾಸೇನೆಯನ್ನು ಬೆಳೆಸಲಾಗಿದೆ. ಈ ಯೋಧರು ಸಾಮಾನ್ಯರಿಗಿಂತ ಎರಡು ಪಟ್ಟು ವೇಗದಲ್ಲಿ ಬೆಳೆದು, ಹತ್ತು ವರ್ಷಗಳಲ್ಲಿ ಯುದ್ಧಕ್ಕೆ ಸಿದ್ಧರಾಗುತ್ತಾರೆ. ಹುಟ್ಟಿನಿಂದ ಅವರಿಗೆ ಹೆಸರಿಲ್ಲ, ಸಂಖ್ಯೆಯುಂಟು. ಹೆಸರನ್ನು ಅವರು ತಮ್ಮತಮ್ಮೊಳಗೇ ಇಟ್ಟುಕೊಳ್ಳುತ್ತಾರೆ.

‘ದಿ ಕ್ಲೋನ್ ವಾರ್ಸ್’ ಎಂಬ ಅನಿಮೇಷನ್ ಸರಣಿಯ 2011ರ ಕಂತುಗಳಲ್ಲಿ ಪಾಂಗ್ ಕ್ರೆಲ್ ಎಂಬ ಸೇನಾನಿ ಬರುತ್ತಾನೆ. ಅವನು ಈ ಯೋಧರನ್ನು ಹೆಸರು ಹಿಡಿದು ಕರೆಯದೆ ಸಂಖ್ಯೆಯಿಂದಲೇ ಕೂಗುತ್ತಾನೆ; ಎಷ್ಟು ಮಂದಿ ಸತ್ತರೂ ಸರಿಯೇ ಎಂದು ಅವರನ್ನು ಶತ್ರುವಿನ ಬಾಯಿಗೆ ಅಟ್ಟುತ್ತಾನೆ. ಕ್ರೆಲ್ ಕ್ರೂರಿಯೆಂಬುದು ಎಲ್ಲರಿಗೂ ಕಾಣುತ್ತದೆ. ಆದರೆ ಈ ಸೇನೆಯನ್ನು ಸ್ವೀಕರಿಸಿ ಯುದ್ಧಕ್ಕೆ ಹೊರಟ ಸಜ್ಜನರೂ, ಇವರಿಗೆ ಬೇರೊಂದು ಬಾಳು ಬೇಕಾಗಿತ್ತೆ ಎಂದು ಮೊದಲು ಕೇಳಲಿಲ್ಲವಷ್ಟೆ.

ಈ ತಾತ್ಸಾರದ ಬೇರು ಒಂದು ಸುಲಭವಾದ ತರ್ಕದಲ್ಲಿದೆ: ಎಲ್ಲರೂ ಒಂದೇ ಅಚ್ಚಿನವರು, ಆದುದರಿಂದ ಒಬ್ಬನು ಅಳಿದರೆ ನಷ್ಟವಿಲ್ಲ, ಅವನ ಜಾಗಕ್ಕೆ ಇನ್ನೊಬ್ಬನುಂಟು. ಇಂಥ ತರ್ಕಕ್ಕೆ ಒಪ್ಪುವ ವಸ್ತುಗಳು ಪ್ರಕೃತಿಯಲ್ಲಿ ಇಲ್ಲದಿಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲಂತೆ, ಎಲೆಕ್ಟ್ರಾನುಗಳ ದ್ರವ್ಯರಾಶಿಯಲ್ಲಾಗಲಿ ವಿದ್ಯುದಂಶದಲ್ಲಾಗಲಿ ಲವಲೇಶವೂ ವ್ಯತ್ಯಾಸವಿಲ್ಲ. ಎರಡನ್ನು ಅದಲುಬದಲು ಮಾಡಿದರೆ ಯಾವ ಪ್ರಯೋಗವೂ ಅದನ್ನು ಪತ್ತೆ ಹಚ್ಚಲಾರದು. ಸೂರ್ಯನಿಂದ ಬಂದಿರಲಿ, ದೀಪದ ತಂತಿಯಿಂದ ಬಂದಿರಲಿ, ಬಂದ ದಾರಿಯ ಗುರುತು ಎಲೆಕ್ಟ್ರಾನಿನ ಮೇಲೆ ಉಳಿಯುವುದಿಲ್ಲ. ಅದಕ್ಕೆ ಚರಿತ್ರೆಯೇ ಇಲ್ಲ.

ಜೀವಿಯ ಮಾತು ಹಾಗಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಪ್ರಕೃತಿಯೇ ಮಾಡಿದ ತದ್ರೂಪಿಗಳು. ಅವರ ಬೆರಳಚ್ಚುಗಳು ಕೂಡ ಒಂದೇ ಆಗಿರುವುದಿಲ್ಲ. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. ಮೂಲ ಬೆಕ್ಕಿನ ಮೈಮೇಲಿದ್ದ ಕಿತ್ತಳೆ ಬಣ್ಣದ ಸುಳಿವೇ ಮರಿಯಲ್ಲಿರಲಿಲ್ಲ. ಎರಡರ ವಂಶವಾಹಿಗಳೂ ಒಂದೇ. ಆದರೆ ಅವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಸುಪ್ತವಾಗಿರುತ್ತದೆ ಎಂಬುದು ಒಂದೇ ಅಲ್ಲ. ಕಥೆಗಾರರೂ ಇದನ್ನು ಮರೆತಿಲ್ಲ. ಅದೇ ಸರಣಿಯ 2010ರ ಒಂದು ಕಂತಿನಲ್ಲಿ ರೆಕ್ಸ್ ಎಂಬ ತದ್ರೂಪಿ ದಳಪತಿಯು, ಸೇನೆಯನ್ನು ತೊರೆದು ಹೆಂಡತಿ ಮಕ್ಕಳೊಡನೆ ಬೇಸಾಯದಲ್ಲಿರುವ ಕಟ್ ಎಂಬ ಇನ್ನೊಬ್ಬ ತದ್ರೂಪಿಯನ್ನು ಸಂಧಿಸುತ್ತಾನೆ. ಮುಖ ಒಂದೇ, ದನಿ ಒಂದೇ; ಆಯ್ದ ಬಾಳು ಬೇರೆ ಬೇರೆ.

ಆದರೆ ನಮ್ಮ ವಾದ ಇಲ್ಲಿಗೆ ನಿಲ್ಲಬಾರದು. ತದ್ರೂಪಿಗಳಲ್ಲಿ ಭೇದವಿದೆ, ಆದುದರಿಂದ ಅವರಿಗೆ ಬೆಲೆಯುಂಟು ಎಂದರೆ, ಭೇದವಿಲ್ಲದಿದ್ದರೆ ಬೆಲೆಯೂ ಇಲ್ಲವೆಂದು ಒಪ್ಪಿದಂತಾಯಿತು. ಸಾವಿರ ಜನರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇದ್ದಾರೆಂದೇ ಭಾವಿಸೋಣ. ಆಗಲೂ ಗಾಯಗೊಂಡವನ ನೋವು ಅವನದೇ. ಪಕ್ಕದವನು ಕ್ಷೇಮವಾಗಿದ್ದಾನೆಂಬುದರಿಂದ ಆ ನೋವು ಕಡಿಮೆಯಾಗದು. ಮನುಷ್ಯನ ಘನತೆಗೆ ಆಧಾರ ಅವನಂಥವನು ಇನ್ನೊಬ್ಬನಿಲ್ಲವೆಂಬುದಲ್ಲ. ಅವನು ಸುಖದುಃಖಗಳನ್ನು ಅನುಭವಿಸಬಲ್ಲ, ತನ್ನ ಬಾಳನ್ನು ತಾನು ಬಯಸಬಲ್ಲ ಎಂಬುದು.

ಇದಕ್ಕೆ ಒಂದು ಆಕ್ಷೇಪವುಂಟು. 2005ರ ‘ರಿವೆಂಜ್ ಆಫ್ ದಿ ಸಿತ್’ ಚಿತ್ರದಲ್ಲಿ 66ನೆಯ ಆಜ್ಞೆ ಬಂದೊಡನೆ ಈ ಯೋಧರು ತಮ್ಮ ನಾಯಕರಾದ ಜೆಡೈಗಳನ್ನೇ ಕೊಂದರಲ್ಲವೆ? ಇವರು ಸೂತ್ರದ ಗೊಂಬೆಗಳಲ್ಲದೆ ಮತ್ತೇನು? ಉತ್ತರ ಕಥೆಯಲ್ಲೇ ಇದೆ. ಅವರ ಮಿದುಳಿನಲ್ಲಿ ಅವರಿಗೆ ತಿಳಿಯದಂತೆ ಒಂದು ಚಿಪ್ ಹುದುಗಿಸಿದ್ದರೆಂಬುದು 2014ರ ಕಂತುಗಳಲ್ಲಿ ಬಯಲಾಗುತ್ತದೆ. 2020ರ ಕಂತಿನಲ್ಲಿ ಅದನ್ನು ತೆಗೆದ ಬಳಿಕ, ರೆಕ್ಸನು ತಾನು ಕೊಲ್ಲಹೊರಟಿದ್ದ ಅಸೋಕಾಳ ರಕ್ಷಣೆಗೇ ನಿಲ್ಲುತ್ತಾನೆ. ಕೈಕಾಲು ಕಟ್ಟಿಹಾಕಿ, ಇವನಿಗೆ ನಡೆಯಲು ಬಾರದೆಂದು ಹಳಿಯುವುದು ಯಾವ ನ್ಯಾಯ? ಕಮಿನೋದವರು ಈ ಸೇನೆಯನ್ನು ಹೊಗಳಿದ್ದಾದರೂ ಹೇಗೆ? ಇವರು ಸ್ವಂತ ಬುದ್ಧಿಯಿಂದ ಯೋಚಿಸಬಲ್ಲರು, ಆದುದರಿಂದ ಯಂತ್ರಗಳಿಗಿಂತ ಬಹಳ ಮೇಲು ಎಂದು. ಕೊಳ್ಳುವಾಗ ಮನುಷ್ಯನ ಬುದ್ಧಿ ಬೇಕು; ಬಳಸುವಾಗ ಅವನು ಮನುಷ್ಯನೆಂಬುದು ಬೇಡ!

ಇನ್ನು ನಮ್ಮ ಲೋಕದ ಮಾತು. 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ, ಬೆಳೆದ ಕುರಿಯೊಂದರ ಕೆಚ್ಚಲಿನ ಜೀವಕೋಶದಿಂದ ಡಾಲಿ ಎಂಬ ಕುರಿಮರಿ ಹುಟ್ಟಿತು. 277 ಪ್ರಯತ್ನಗಳಲ್ಲಿ ಫಲಿಸಿದುದು ಅದೊಂದೇ. ಇಷ್ಟು ಅಪಾಯಕರವಾದ ವಿಧಾನವನ್ನು ಮನುಷ್ಯನ ಮೇಲೆ ಪ್ರಯೋಗಿಸಕೂಡದೆಂಬುದು ಸರಿಯಾದ ನಿಲುವೇ. ಯುನೆಸ್ಕೊ ಸಂಸ್ಥೆಯು 1997ರ ನವೆಂಬರಿನಲ್ಲಿ ಹೊರಡಿಸಿದ ಘೋಷಣೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ವಂಶವಾಹಿಗಳ ಲಕ್ಷಣವೇನೇ ಇರಲಿ, ಪ್ರತಿಯೊಬ್ಬನ ಘನತೆಯನ್ನೂ ಹಕ್ಕನ್ನೂ ಗೌರವಿಸಬೇಕೆಂಬ ಮಾತೂ ಅದೇ ಘೋಷಣೆಯಲ್ಲಿದೆ. ಎರಡನ್ನೂ ಒಟ್ಟಿಗೆ ಓದತಕ್ಕದ್ದು. ಒಂದು ಕೃತ್ಯವನ್ನು ನಿಷೇಧಿಸುವುದು ಬೇರೆ, ಅದರಿಂದ ಹುಟ್ಟಿದವನನ್ನು ಹೀನನೆಂದು ಬಗೆಯುವುದು ಬೇರೆ.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಾಗ ಲೋಕವು ಆ ಮಗುವನ್ನು ‘ಪ್ರನಾಳಶಿಶು’ ಎಂದು ಕರೆದು ಬೆರಗಿನಿಂದಲೂ ಸಂಶಯದಿಂದಲೂ ನೋಡಿತು. ಇಂದು ಆ ವಿಧಾನದಿಂದ ಹುಟ್ಟಿದ ಲಕ್ಷಾಂತರ ಮಂದಿ ಎಲ್ಲರಂತೆ ಓದುತ್ತ, ದುಡಿಯುತ್ತ ಇದ್ದಾರೆ. ಈ ಲೇಖನವನ್ನು ಓದುವವರಲ್ಲಿಯೂ ಅಂಥವರಿರಬಹುದು. ಹುಟ್ಟಿದ ಬಗೆಯಿಂದ ಮನುಷ್ಯನನ್ನು ಅಳೆಯುವ ರೂಢಿ ನಮ್ಮ ನಾಡಿಗೆ ಹೊಸದಲ್ಲ. ಅದರ ಫಲವನ್ನು ನಾವು ಇನ್ನೂ ಉಣ್ಣುತ್ತಿದ್ದೇವೆ. ವಿಜ್ಞಾನವು ಹುಟ್ಟಿಗೆ ಹೊಸ ದಾರಿಗಳನ್ನು ತೆರೆಯುತ್ತಿರುವಾಗ, ಆ ಹಳೆಯ ಅಳತೆಗೋಲನ್ನು ವಿದ್ಯಾವಂತರಾದ ತರುಣರು ಹೊಸ ದಾರಿಗೂ ಹೊತ್ತು ತರದಿರಲಿ.