ಕಾಸು ಕೊಟ್ಟ ರಸ್ತೆಗೆ ಎರಡನೇ ಸುಂಕವೆ?

ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಎರಡು ಕಿರಾಣಿ ಅಂಗಡಿ ಇವೆ ಅಂತ ಇಟ್ಟುಕೊಳ್ಳಿ. ರಸ್ತೆ ಗುತ್ತಿಗೆದಾರ ಅಡ್ಡ ನಿಂತು, 'ಸಾಹುಕಾರರ ಅಂಗಡಿಗೆ ಹೋಗೋರಿಗೆ ಸುಂಕ ಇಲ್ಲ, ಅವರು ನನಗೆ ಕಟ್ಟಿದ್ದಾರೆ. ಮೂಲೆ ಅಂಗಡಿಗೆ ಹೋಗೋರು ಮಾತ್ರ ಕಾಸು ಇಟ್ಟು ಹೋಗಿ' ಅಂದರೆ ಏನಾಗುತ್ತದೆ? ಮೂಲೆ ಅಂಗಡಿಯವನ ಬೇಳೆ ಎಷ್ಟೇ ಚೆನ್ನಾಗಿರಲಿ, ಅವನು ಬಾಗಿಲು ಹಾಕಬೇಕಾಗುತ್ತದೆ.

ಇಂಟರ್‌ನೆಟ್ಟಿನ ರಸ್ತೆಯಲ್ಲಿ ಈ ಅನ್ಯಾಯ ಆಗಬಾರದು ಎಂಬ ಕಟ್ಟಳೆಗೇ ನೆಟ್ ನ್ಯೂಟ್ರಾಲಿಟಿ ಎಂದು ಹೆಸರು. ಹೆಸರು ಭಾರಿ, ವಿಷಯ ಸರಳ. ಡೇಟಾಕ್ಕೆ ನೀವು ಕಾಸು ಕೊಟ್ಟ ಮೇಲೆ ಅದರಲ್ಲಿ ಏನು ನೋಡುತ್ತೀರಿ, ಯಾರ ಹತ್ತಿರ ಸಾಮಾನು ಕೊಳ್ಳುತ್ತೀರಿ ಎಂಬುದು ಕಂಪನಿಗೆ ಬೇಡದ ಉಸಾಬರಿ.

ಪುಕ್ಕಟೆಯ ಹಿಂದಿನ ಲೆಕ್ಕ

ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪನಿ ಇಂಟರ್‌ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ಹಾಕುವುದಾಗಿ ಹೇಳಿ, ಜನ ಸಿಟ್ಟಾದ ಮೇಲೆ ಹಿಂದಕ್ಕೆ ಸರಿಯಿತು. 2015ರ ಏಪ್ರಿಲಿನಲ್ಲಿ ಅದೇ ಕಂಪನಿ 'ಏರ್‌ಟೆಲ್ ಜೀರೊ' ತಂದಿತು. ಆ್ಯಪಿನ ಮಾಲೀಕ ಕಂಪನಿಗೆ ದುಡ್ಡು ಕಟ್ಟಿದರೆ ಗ್ರಾಹಕನಿಗೆ ಆ ಆ್ಯಪ್ ಪುಕ್ಕಟೆ. ಇದಕ್ಕೆ ಸೇರುವ ಮಾತುಕತೆಯಲ್ಲಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, ಟೀಕೆ ಜೋರಾದ ಮೇಲೆ ಕೈ ತೊಳೆದುಕೊಂಡಿತು. ಅದೇ ವರ್ಷ ಫೇಸ್‌ಬುಕ್ಕಿನವರು ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆಗೂಡಿ, ತಾವು ಒಪ್ಪಿದ ಕೆಲವೇ ತಾಣಗಳನ್ನು 'ಫ್ರೀ ಬೇಸಿಕ್ಸ್' ಹೆಸರಲ್ಲಿ ಬಡವರಿಗೆ ಪುಕ್ಕಟೆ ಕೊಡಲು ಹೊರಟರು.

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವವರು ನಾವು. ಕೊಟ್ಟರೆ ತಪ್ಪೇನು ಅನ್ನಿಸುವುದು ಸಹಜ. ತಪ್ಪು ಇಷ್ಟೆ: ಪುಕ್ಕಟೆ ಪಟ್ಟಿಗೆ ಸೇರಲು ದೊಡ್ಡವರ ಹತ್ತಿರ ದುಡ್ಡಿದೆ, ಊರಿನ ಬಟ್ಟೆ ಅಂಗಡಿಯವನು ಮಾಡಿಸಿದ ಪುಟ್ಟ ತಾಣಕ್ಕೆ ಇಲ್ಲ. ಯಾರು ಗೆಲ್ಲಬೇಕು ಎಂಬುದನ್ನು ಗಿರಾಕಿ ಬದಲು ಗುತ್ತಿಗೆದಾರ ತೀರ್ಮಾನ ಮಾಡಿದ ಹಾಗಾಯಿತು.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅಭಿಪ್ರಾಯ ಕೇಳಿದಾಗ 2015ರಲ್ಲಿ 10 ಲಕ್ಷಕ್ಕೂ ಮೇಲ್ಪಟ್ಟು ಇ-ಮೇಲ್ ಹೋದವು. 2016ರ ಫೆಬ್ರವರಿ 8ರಂದು ಅದು ಆದೇಶ ಹೊರಡಿಸಿತು. ನೋಡುವ ವಿಷಯಕ್ಕೆ ತಕ್ಕಂತೆ ಡೇಟಾ ದರ ಬೇರೆ ಮಾಡುವಂತಿಲ್ಲ. ಮೀರಿದರೆ ದಿನಕ್ಕೆ 50 ಸಾವಿರ, ಹೆಚ್ಚೆಂದರೆ 50 ಲಕ್ಷ ರೂಪಾಯಿ ದಂಡ. 2018ರ ಜುಲೈನಲ್ಲಿ ಕೇಂದ್ರ ಸರಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವುದೇ ತಾಣವನ್ನು ತಡೆಯುವುದು, ನಿಧಾನ ಮಾಡುವುದು, ಬೇಕಾದವರಿಗೆ ಮುಂದಿನ ಸಾಲು ಕೊಡುವುದು ಕೂಡದು ಎಂಬ ಟ್ರಾಯ್ ಶಿಫಾರಸಿಗೆ ಒಪ್ಪಿಗೆ ಕೊಟ್ಟಿತು.

ಈಗಿನ ತಕರಾರು

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಇಲ್ಲ. ತಕರಾರು ಮುಂಬಾಗಿಲಿನಲ್ಲಿ ಹೋಗಿ ಹಿತ್ತಲಲ್ಲಿ ಬಂದಿದೆ. ಕೆಲವು ವರ್ಷಗಳಿಂದ ಟೆಲಿಕಾಂ ಕಂಪನಿಗಳ ಸಂಘ ಹೊಸ ಮಾತು ಆಡುತ್ತಿದೆ. ಯೂಟ್ಯೂಬ್, ವಾಟ್ಸ್‌ಆ್ಯಪ್, ಸಿನಿಮಾ ಆ್ಯಪುಗಳು ನಮ್ಮ ತಂತಿ, ಟವರುಗಳ ಮೇಲೆ ಸವಾರಿ ಮಾಡಿ ಹಣ ಗಳಿಸುತ್ತವೆ, ನಮಗೂ ನ್ಯಾಯವಾದ ಪಾಲು ಬೇಕು ಅಂತ.

ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2022ರ 5ಜಿ ಹರಾಜಿನಲ್ಲಿ ತರಂಗಗಳಿಗೇ ಸುಮಾರು 1.5 ಲಕ್ಷ ಕೋಟಿ ರೂಪಾಯಿಯ ಬಿಡ್ ಆಯಿತು. ಟವರ್, ಕೇಬಲ್, ಕರೆಂಟು ಬೇರೆ. ಎಸ್ಸೆಮ್ಮೆಸ್ಸಿನ ವರಮಾನವನ್ನು ವಾಟ್ಸ್‌ಆ್ಯಪ್ ನುಂಗಿತು.

ಆದರೆ ವೀಡಿಯೊ ಯಾರ ಮನೆಗೂ ತಾನಾಗಿ ನುಗ್ಗಿ ಬರುವುದಿಲ್ಲ ಸ್ವಾಮಿ. ನೀವು ಒತ್ತಿದ್ದಕ್ಕೆ ಬಂತು. ಅದು ಬರುವ ದಾರಿಗೆ ರೀಚಾರ್ಜ್ ಮಾಡಿಸಿದವರೂ ನೀವೇ. ಯೂಟ್ಯೂಬು, ವಾಟ್ಸ್‌ಆ್ಯಪ್ ಇಲ್ಲದಿದ್ದರೆ ಡೇಟಾ ಪ್ಯಾಕನ್ನು ಯಾರು ಕೊಳ್ಳುತ್ತಿದ್ದರು? ಇನ್ನು ದಿನಕ್ಕಿಷ್ಟು ಜಿಬಿ, 5ಜಿ ಆದರೆ ಮಿತಿಯೇ ಇಲ್ಲ ಎಂದು ಕೂಗಿ ಮಾರಿದವರು ಇದೇ ಕಂಪನಿಯವರು. ಊಟದ ಹೋಟೆಲಿನವನು 'ಹೊಟ್ಟೆ ತುಂಬ ಊಟ' ಅಂತ ಬೋರ್ಡು ಹಾಕಿ, ಗಿರಾಕಿ ಜಾಸ್ತಿ ಉಂಡ ಅಂತ ಅಕ್ಕಿ ಮಂಡಿಯವನ ಹತ್ತಿರ ಪಾಲು ಕೇಳಿದರೆ ಆದೀತೆ?

ದಕ್ಷಿಣ ಕೊರಿಯಾದಲ್ಲಿ ಇದರ ರುಚಿ ನೋಡಿದ್ದಾರೆ. ಡೇಟಾ ಕಳಿಸುವ ಕಡೆಯ ಕಂಪನಿ, ಪಡೆಯುವ ಕಂಪನಿಗೆ ಹಣ ಕೊಡಬೇಕೆಂಬ ಪದ್ಧತಿ 2016ರಲ್ಲಿ ಬಂತು. ಆ ಹೊರೆ ವೀಡಿಯೊ ತಾಣಗಳ ತಲೆಗೆ ಬಂತು. ಟ್ವಿಚ್ ಎಂಬ ತಾಣ 2022ರಲ್ಲಿ ಚಿತ್ರದ ಗುಣಮಟ್ಟ ಇಳಿಸಿತು. ಬಹುಪಾಲು ದೇಶಗಳಿಗಿಂತ ಇಲ್ಲಿ ಜಾಲದ ಶುಲ್ಕ ಹತ್ತು ಪಟ್ಟು ಎಂದು ಹೇಳಿ 2024ರ ಫೆಬ್ರವರಿಯಲ್ಲಿ ಆ ದೇಶದಿಂದಲೇ ಗಂಟುಮೂಟೆ ಕಟ್ಟಿತು. ಅಮೆರಿಕದ ಕತೆ ಬೇರೆ. ಅಲ್ಲಿ 2015ರಲ್ಲಿ ಬಂದ ನಿಯಮ 2017ರಲ್ಲಿ ಬಿತ್ತು, 2024ರಲ್ಲಿ ಮತ್ತೆ ಎದ್ದಿತು, 2025ರ ಜನವರಿಯಲ್ಲಿ ಕೋರ್ಟು ಅದನ್ನು ಹೊಡೆದುಹಾಕಿತು. ಆಳುವವರು ಬದಲಾದಂತೆ ರಸ್ತೆಯ ಕಾನೂನೂ ಬದಲಾಯಿತು.

ಕೊನೆಗೆ ಯಾರ ಜೇಬು?

ದೊಡ್ಡ ಆ್ಯಪುಗಳ ಮೇಲೆ ಸುಂಕ ಬಿದ್ದರೆ ಅವರು ಅದನ್ನು ಚಂದಾಹಣಕ್ಕೆ, ಜಾಹೀರಾತಿನ ದರಕ್ಕೆ ಸೇರಿಸುತ್ತಾರೆ. ಆ ಜಾಹೀರಾತು ಕೊಡುವವನು ಅಂಗಡಿಯವನು, ಚಂದಾ ಕಟ್ಟುವವನು ಬಸ್ಸಿನಲ್ಲಿ ಕೂತವನು. ಇದು ಒಂದು. ಸುಂಕ ಕಟ್ಟಿದವನಿಗೆ ಕಂಪನಿ ನಾಳೆ ಒಳದಾರಿ ಬಿಡುವುದಿಲ್ಲ ಎನ್ನುವ ಖಾತ್ರಿ ಏನು? ಇದು ಇನ್ನೊಂದು. ಸರಿ ಹೋಗದಿದ್ದರೆ ಕಂಪನಿ ಬದಲಿಸೋಣ ಅಂದರೆ ನಮ್ಮ ರಾಜ್ಯದಲ್ಲಿ ಉಳಿದಿರುವುದು ನಾಲ್ಕೇ: ಜಿಯೊ, ಏರ್‌ಟೆಲ್, ವಿಐ, ಬಿಎಸ್ಸೆನ್ನೆಲ್. ಜೋರಾಗಿ ಓಡುತ್ತಿರುವುದು ಮೊದಲಿನ ಎರಡು.

ಟವರಿಗೆ ದುಡ್ಡು ಸಾಲದು ಅಂದರೆ ಗ್ರಾಹಕನ ಮುಂದೆ ನೇರವಾಗಿ ದರ ಇಡಲಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಏರಿಸಿದ್ದು ಹಾಗೆಯೇ. ಜನ ಬೈದುಕೊಂಡೇ ಕೊಟ್ಟರು, ಆದರೆ ಎಷ್ಟು ಕೊಟ್ಟೆವು ಅಂತ ಗೊತ್ತಿತ್ತು. ಹಳ್ಳಿ ಸಂಪರ್ಕಕ್ಕೆಂದೇ ಕಂಪನಿಗಳ ಆದಾಯದಿಂದ ಸರಕಾರ ಎತ್ತುವ ನಿಧಿಯೂ ಇದೆ; ಅದು ಹಳ್ಳಿಗೇ ಹೋಗಲಿ. ಕಣ್ಣಿಗೆ ಕಾಣದ ಎರಡನೇ ಸುಂಕ ಮಾತ್ರ ಬೇಡ.

ಟ್ರಾಯ್ ಕೇಳಿದಾಗ 2015ರಲ್ಲಿ ಜನ ಬರೆದರು, ಆದ್ದರಿಂದ ಉಳಿಯಿತು. ಮತ್ತೆ ಕೇಳಿದರೆ ಮತ್ತೆ ಬರೆಯಬೇಕು. ಗೇಟು ಹಾಕಿಯಾದ ಮೇಲೆ ಎಷ್ಟು ಗೋಳಾಡಿದರೂ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆಯೇ.