ಬೀಗ ತೆಗೆಯಲು ಮರೆತ ವಿಮಾನ

ಮನೆಗೆ ಬೀಗ ಹಾಕಿ ಬಸ್ ಹತ್ತಿದ ಮೇಲೆ ‘ಗ್ಯಾಸ್ ಆಫ್ ಮಾಡಿದೆನೇ?’ ಎಂಬ ಅನುಮಾನ ಕಾಡುವುದುಂಟು. ದಿನವೂ ಮಾಡುವ ಕೆಲಸ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇಂಥ ಮರೆವು ವಿಮಾನದಲ್ಲಿ ಸಂಭವಿಸಿದರೆ?

2014ರ ಮೇ 31ರ ರಾತ್ರಿ ಅಮೆರಿಕದ ಬಾಸ್ಟನ್ ಸಮೀಪದ ಹ್ಯಾನ್ಸ್‌ಕಮ್ ನಿಲ್ದಾಣದಿಂದ ಗಲ್ಫ್‌ಸ್ಟ್ರೀಮ್ ಜಿ-4 ಎಂಬ ಖಾಸಗಿ ಜೆಟ್ ಹೊರಟಿತು. ಒಳಗೆ ಏಳು ಮಂದಿ. ಗಂಟೆಗೆ ಸುಮಾರು 300 ಕಿ.ಮೀ. ವೇಗ ಬಂದರೂ ವಿಮಾನ ಮೇಲೇಳಲಿಲ್ಲ. ರನ್‌ವೇ ದಾಟಿ, ಬೇಲಿ ಮುರಿದು, ಕೊರಕಲಿಗೆ ಬಿದ್ದು ಹೊತ್ತಿಕೊಂಡಿತು. ಒಬ್ಬರೂ ಉಳಿಯಲಿಲ್ಲ.

ಕಾರಣ ‘ಗಸ್ಟ್ ಲಾಕ್’ ಎಂಬ ಒಂದು ಬೀಗ. ವಿಮಾನದ ಬಾಲದಲ್ಲಿ ಎಲಿವೇಟರ್ ಎಂಬ ಚಲಿಸುವ ಭಾಗಗಳಿವೆ. ಪೈಲಟ್ ತನ್ನ ಮುಂದಿನ ಹಿಡಿಕೆಯನ್ನು ಎಳೆದಾಗ ಇವು ಮೇಲಕ್ಕೆ ವಾಲುತ್ತವೆ. ಆಗ ಗಾಳಿ ಬಾಲವನ್ನು ಕೆಳಗೊತ್ತುತ್ತದೆ, ಮೂತಿ ಮೇಲೇಳುತ್ತದೆ. ನಿಂತಿರುವ ವಿಮಾನದಲ್ಲಿ ಬಿರುಗಾಳಿಗೆ ಇವು ಬಡಿದಾಡಿ ಕೆಡದಿರಲೆಂದೇ ಈ ಬೀಗ. ಎಂಜಿನ್ ಚಾಲೂ ಮಾಡುವ ಮೊದಲೇ ಅದನ್ನು ತೆಗೆಯಬೇಕು. ಬಳಿಕ ಹಿಡಿಕೆಯನ್ನು ಎಲ್ಲ ದಿಕ್ಕಿಗೂ ಆಡಿಸಿ ಪರೀಕ್ಷಿಸಬೇಕು. ಅಂದು ಎರಡೂ ಆಗಲಿಲ್ಲ.

ಬೀಗವಿದ್ದಾಗ ಎಂಜಿನ್ನಿಗೆ ಪೂರ್ಣ ಶಕ್ತಿ ಸಿಗದಂತೆ ತಡೆಯೊಂದಿತ್ತು. ಆದರೆ ಅದು ಇರಬೇಕಾದಷ್ಟು ಬಿಗಿಯಾಗಿರಲಿಲ್ಲ. ಈ ದೋಷ ತಯಾರಕರ ಕಣ್ಣಿಗೂ ಬಿದ್ದಿರಲಿಲ್ಲ, ಒಪ್ಪಿಗೆ ಕೊಟ್ಟ ಸರ್ಕಾರಿ ಸಂಸ್ಥೆಯ ಕಣ್ಣಿಗೂ ಬಿದ್ದಿರಲಿಲ್ಲ.

ಓಟದ ನಡುವೆ ಬೀಗದ ಅರಿವಾದಾಗಲೂ ಪೈಲಟ್‌ಗಳು ತಕ್ಷಣ ಬ್ರೇಕ್ ಹಾಕಲಿಲ್ಲ. ಓಡುತ್ತಲೇ ಬಿಡಿಸಿಕೊಳ್ಳಲು ನೋಡಿದರು. ಇಲ್ಲಿ ಹೈಸ್ಕೂಲಿನ ಪಾಠವೊಂದನ್ನು ನೆನೆಯಬೇಕು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಅದೇ ಬ್ರೇಕಿಗೆ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಹೀಗಾಗಿ ಕೆಲವೇ ಸೆಕೆಂಡುಗಳ ತಡವೂ ರನ್‌ವೇಯನ್ನು ನುಂಗಿಬಿಡುತ್ತದೆ.

ಇಬ್ಬರೂ ಹೊಸಬರಲ್ಲ. ಒಬ್ಬೊಬ್ಬರಿಗೂ ಹತ್ತು ಸಾವಿರ ಗಂಟೆಗೂ ಮೀರಿದ ಹಾರಾಟದ ಅನುಭವವಿತ್ತು. ಆದರೆ ಅವರ ಹಿಂದಿನ 175 ಹಾರಾಟಗಳ ದಾಖಲೆ ತೆಗೆದಾಗ, ಶೇ. 98ರಲ್ಲಿ ಆ ಪರೀಕ್ಷೆ ಪೂರ್ತಿಯಾಗಿ ನಡೆದೇ ಇರಲಿಲ್ಲ! ಇದು ಇವರಿಬ್ಬರ ದೋಷ ಮಾತ್ರವೂ ಅಲ್ಲ. ಆಮೇಲೆ ಅಮೆರಿಕದ ಖಾಸಗಿ ಜೆಟ್‌ಗಳ ಸುಮಾರು 1,44,000 ಹಾರಾಟಗಳನ್ನು ಪರಿಶೀಲಿಸಿದಾಗ ಶೇ. 18ರಷ್ಟರಲ್ಲಿ ಪರೀಕ್ಷೆ ಅಪೂರ್ಣವಾಗಿತ್ತು, ಇಲ್ಲವೇ ನಡೆದೇ ಇರಲಿಲ್ಲ.

ಇತಿಹಾಸದ ವ್ಯಂಗ್ಯ ನೋಡಿ. 1935ರ ಅಕ್ಟೋಬರ್ 30ರಂದು ಬೋಯಿಂಗ್‌ನ ಹೊಸ ಬಾಂಬರ್ ‘ಮಾಡೆಲ್ 299’ ನೆಲಕ್ಕಪ್ಪಳಿಸಿದ್ದೂ ಇದೇ ಗಸ್ಟ್ ಲಾಕ್ ತೆಗೆಯದೆ. ನುರಿತ ಪೈಲಟ್ ಪ್ಲಾಯರ್ ಹಿಲ್ ಅದರಲ್ಲಿ ಸತ್ತರು. ನೆನಪನ್ನು ನಂಬಬಾರದೆಂದು ಆ ದುರಂತದ ಬಳಿಕವೇ ಪೈಲಟ್‌ಗಳ ಕೈಗೆ ‘ಚೆಕ್‌ಲಿಸ್ಟ್’ ಬಂತು. ಆ ಪಟ್ಟಿಯನ್ನು ಓದದೆ ಹೊರಟವರು 79 ವರ್ಷಗಳ ನಂತರ ಅದೇ ಬೀಗಕ್ಕೆ ಬಲಿಯಾದರು.

ಪ್ರಯೋಗಾಲಯದಲ್ಲಿ ‘ಬಾಟಲಿಯ ಚೀಟಿ ಓದದೆ ಸುರಿಯಬೇಡಿ’ ಎಂದು ಮಕ್ಕಳನ್ನು ಗದರುವ ನಾನೇ ಒಮ್ಮೆ ಓದದೆ ಆಸಿಡ್ ಸುರಿಯಲು ಹೊರಟಿದ್ದೆ. ‘ಸಾರ್, ಚೀಟಿ!’ ಎಂದು ತಡೆದವಳು ಎಂಟನೇ ತರಗತಿಯ ಹುಡುಗಿ. ಆ ಹೊತ್ತು ಪೆಚ್ಚಾದೆ. ಚೆಕ್‌ಲಿಸ್ಟ್ ಇರುವುದು ತಿಳಿಯದವರಿಗಲ್ಲ, ಚೆನ್ನಾಗಿ ತಿಳಿದವರಿಗೆ ಎಂಬುದು ಅಂದೇ ಅರ್ಥವಾದದ್ದು.